ಧಾರಾವಾಹಿಯ ರಹಸ್ಯವೂ ಪ್ರೇಕ್ಷಕರ ಅನುಮಾನವೂ

ಕನ್ನಡದಲ್ಲಿ ‘ಅನುಮಾನ’ವೆಂಬ ಮಾತಿಗೆ ಎರಡು ಅರ್ಥಗಳು ನೆಲೆಗೊಂಡಿವೆ. ತಾರ್ಕಿಕರ ಪರಿಭಾಷೆಯಲ್ಲಿ ಅದು ಕಂಡ ಲಿಂಗದಿಂದ ಕಾಣದ ವಸ್ತುವನ್ನು ಅರಿಯುವ ಪ್ರಮಾಣವು. ಜನರ ಬಾಯಲ್ಲಿ ಅದು ಶಂಕೆ. ಹೊಗೆಯನ್ನು ಕಂಡು ಬೆಂಕಿಯುಂಟೆಂದು ನಿಶ್ಚಯಿಸುವ ನೈಯಾಯಿಕನೂ, ನೆರೆಮನೆಯವನ ನಡತೆಯನ್ನು ಕಂಡು ಹುಬ್ಬೇರಿಸುವ ಗೃಹಸ್ಥನೂ ಒಂದೇ ಶಬ್ದವನ್ನು ಬಳಸುತ್ತಾರೆ. ಈ ಎರಡು ಅರ್ಥಗಳೂ ಒಂದೆಡೆ ಕೂಡುವ ಸ್ಥಳವೆಂದರೆ ರಹಸ್ಯಕಥೆ. ಅದರಲ್ಲಿಯೂ ವಾರವಾರಕ್ಕೆ ಕಂತುಕಂತಾಗಿ ದೂರದರ್ಶನದಲ್ಲಿ ಬರುವ ರಹಸ್ಯನಾಟಕವು ಪ್ರೇಕ್ಷಕನನ್ನು ಏಕಕಾಲದಲ್ಲಿ ತಾರ್ಕಿಕನನ್ನಾಗಿಯೂ ಶಂಕಾಳುವನ್ನಾಗಿಯೂ ಮಾಡುವುದು. ಕಂತು ಮುಗಿದೊಡನೆ ಜಗಲಿಯಲ್ಲಿ, ಹೋಟೆಲಿನ ಮೇಜಿನ ಸುತ್ತ, ಉಪಾಧ್ಯಾಯರ ಕೊಠಡಿಯಲ್ಲಿ ಏಳುವ ಚರ್ಚೆಯನ್ನು ವಿದ್ವಾಂಸರು ಹರಟೆಯೆಂದೆಣಿಸಿ ಬಿಟ್ಟುಬಿಡುವುದೇ ವಾಡಿಕೆ. ಹಾಗೆ ಬಿಡತಕ್ಕದ್ದಲ್ಲ. ಕಾವ್ಯವನ್ನು ಕುರಿತು ಮಾಡುವ ವಿಮರ್ಶೆಯ ಬೀಜವು ಆ ಹರಟೆಯಲ್ಲಿಯೇ ಇರುವುದು. ವಿಮರ್ಶೆಯು ಕೆಡುವ ಬಗೆಯೂ ಅಲ್ಲಿಯೇ ಚೆನ್ನಾಗಿ ಕಾಣಬರುವುದು.

ನಮ್ಮ ನಾಡಿನ ಹಳೆಯ ಕಥನಗಳಲ್ಲಿ ‘ಮಾಡಿದವನಾರು’ ಎಂಬ ಪ್ರಶ್ನೆಗೆ ಎಡೆಯೇ ವಿರಳ. ಮಂಡ್ಯದ ಸೀಮೆಯಲ್ಲಿ ನೀಲಗಾರರು ತಂಬೂರಿ ಹಿಡಿದು ಮಂಟೇಸ್ವಾಮಿಯ ಕಥೆಯನ್ನು ರಾತ್ರಿಯೆಲ್ಲ ಹಾಡುವಾಗಲಾಗಲಿ, ಮೂಡಲಪಾಯದ ಬಯಲಾಟದಲ್ಲಿ ಭಾರತದ ಪ್ರಸಂಗವು ನಡೆಯುವಾಗಲಾಗಲಿ, ಕೇಳುವವರಿಗೆ ಮುಂದಿನದೆಲ್ಲ ಮೊದಲೇ ಗೊತ್ತು. ಏನಾಗುವುದೆಂಬುದರಲ್ಲಿ ಅಲ್ಲ, ಹೇಗಾಗುವುದೆಂಬುದರಲ್ಲಿ ಅವರ ಕುತೂಹಲ. ಕೂಟನೀತಿಯೇ ಪ್ರಾಣವಾಗಿರುವ ಮುದ್ರಾರಾಕ್ಷಸದಲ್ಲಿ ಕೂಡ ವಿಶಾಖದತ್ತನು ಗುಟ್ಟನ್ನು ರಾಕ್ಷಸನಿಂದ ಬಚ್ಚಿಟ್ಟನೇ ಹೊರತು ಪ್ರೇಕ್ಷಕನಿಂದ ಬಚ್ಚಿಡಲಿಲ್ಲ. ಆ ಕಥೆಯನ್ನೇ 1823ರಲ್ಲಿ ಕನ್ನಡ ಗದ್ಯಕ್ಕೆ ತಂದ ಕೆಂಪುನಾರಾಯಣನ ಮುದ್ರಾಮಂಜೂಷದಲ್ಲಿಯೂ ಓದುಗನು ಚಾಣಕ್ಯನ ಪಕ್ಕದಲ್ಲಿ ಕುಳಿತೇ ಎಲ್ಲವನ್ನೂ ನೋಡುವನು. ಪ್ರೇಕ್ಷಕನಿಗೂ ಉತ್ತರವನ್ನು ಕೊಡದೆ ಕಾಯಿಸುವ ಕಥೆಯು ಈ ದೃಷ್ಟಿಯಿಂದ ಹೊಸದು. ಹೊಸದಾದ್ದರಿಂದಲೇ ಅದನ್ನು ನೋಡುವವನ ಕರ್ತವ್ಯವೂ ಹೊಸದು.

ಕನ್ನಡ ದೂರದರ್ಶನದಲ್ಲಿ ಇಂಥ ಕಥೆಗೆ ಮೊದಮೊದಲ ಪ್ರಸಿದ್ಧ ನಿದರ್ಶನವೆಂದರೆ, 1990ರ ಸುಮಾರಿನಲ್ಲಿ ಸದಾನಂದ ಸುವರ್ಣರು ನಿರ್ದೇಶಿಸಿದ ‘ಗುಡ್ಡದ ಭೂತ’. ಮುಂಬಯಿಯ ರಂಗಭೂಮಿಯಲ್ಲಿ ಪಳಗಿದ, 1977ರ ‘ಘಟಶ್ರಾದ್ಧ’ ಚಲಚ್ಚಿತ್ರದ ನಿರ್ಮಾಪಕರೂ ಆದ ಸುವರ್ಣರು, ತುಳುವಿನಲ್ಲಿ ನಾಟಕವಾಗಿದ್ದ ವಸ್ತುವನ್ನು ಕನ್ನಡದ ಧಾರಾವಾಹಿಯನ್ನಾಗಿ ಮಾಡಿದರು. ಅದರ ಬಗೆಹರಿಕೆಯನ್ನು ಇಲ್ಲಿ ಬಯಲುಮಾಡುವುದು ಉಚಿತವಲ್ಲ. ಇಲ್ಲಿಯ ವಾದಕ್ಕೆ ಅದು ಬೇಕಾಗಿಯೂ ಇಲ್ಲ. ಬೇಕಾದುದು ಹೆಸರೊಂದೇ. ಆ ಹೆಸರಿನಲ್ಲಿರುವ ‘ಭೂತ’ವೆಂಬ ಮಾತು ಕರ್ನಾಟಕದ ಎಲ್ಲ ಪ್ರೇಕ್ಷಕರಿಗೂ ಒಂದೇ ಅಲ್ಲ. ಶ್ರೀರಂಗಪಟ್ಟಣ ತಾಲ್ಲೂಕಿನ ಅರಕೆರೆಯಂಥ ಹೋಬಳಿಯ ಊರಿನಲ್ಲಿ ಭೂತವೆಂದರೆ ದೆವ್ವ. ಹುಣಿಸೆಯ ಮರದಲ್ಲಿಯೋ ಹಾಳುಬಾವಿಯಲ್ಲಿಯೋ ಇದ್ದು ಹಿಡಿದುಕೊಳ್ಳುವುದು, ಬಿಡಿಸಬೇಕಾದುದು. ತುಳುನಾಡಿನಲ್ಲಿಯಾದರೋ ಭೂತವು ದೈವ. ಕೋಲ ಕೊಟ್ಟು ಆರಾಧಿಸತಕ್ಕದ್ದು, ನ್ಯಾಯ ಕೇಳತಕ್ಕದ್ದು. ಅಷ್ಟೇ ಅಲ್ಲದೆ, ಅಲ್ಲಿಯ ಅನೇಕ ದೈವಗಳು ಹಿಂದೊಮ್ಮೆ ಅನ್ಯಾಯಕ್ಕೆ ಗುರಿಯಾದ ಮನುಷ್ಯರೇ. ಕಾರ್ಕಳದ ಗೊಮ್ಮಟನನ್ನು ಕಡೆದವನೆಂದು ಪಾಡ್ದನಗಳು ಹೇಳುವ ಕಲ್ಕುಡನ ಕೈಕಾಲನ್ನು ಅರಸನು ಕಡಿಸಿದನಂತೆ. ಅವನೂ ಅವನ ತಂಗಿ ಕಲ್ಲುರ್ಟಿಯೂ ದೈವಗಳಾಗಿ ಅದಕ್ಕೆ ಪ್ರತೀಕಾರವನ್ನೆಸಗಿದರು.

ಇದರ ಫಲವು ಸಣ್ಣದಲ್ಲ. ಮೊದಲನೆಯ ಕಂತನ್ನು ನೋಡಿದ ಅರಕೆರೆಯವನು ‘ಭೂತವು ನಿಜವೋ ಸುಳ್ಳೋ’ ಎಂದು ಕೇಳಬೇಕಾದವನು. ಉಡುಪಿಯ ಕಡೆಯವನು ‘ಇದು ಯಾರ ಭೂತ, ಅವರಿಗೆ ಆದ ಅನ್ಯಾಯವೇನು’ ಎಂದು ಕೇಳಬೇಕಾದವನು. ಒಬ್ಬನ ಪ್ರಶ್ನೆಯು ಮೋಸವನ್ನು ಹುಡುಕುವುದು, ಇನ್ನೊಬ್ಬನದು ಹಳೆಯ ಅಪರಾಧವನ್ನು ಹುಡುಕುವುದು. ಚಿತ್ರವು ಒಂದೇ, ಮಾತು ಒಂದೇ. ಆದರೆ ಶಬ್ದದ ಹಿಂದಿರುವ ಲೋಕವು ಬೇರೆಯಾದುದರಿಂದ ಅನುಮಾನದ ದಾರಿಯೇ ಕವಲೊಡೆಯುವುದು. ಪಾಠಾಂತರಗಳ ವಿಷಯದಲ್ಲಿ ಇಷ್ಟು ಶ್ರಮಪಡುವ ವಿದ್ವಾಂಸರು ಈ ಬಗೆಯ ‘ಪ್ರೇಕ್ಷಕಾಂತರ’ವನ್ನು ಲಕ್ಷಿಸದಿರುವುದು ಆಶ್ಚರ್ಯವೇ ಸರಿ.

ನ್ಯಾಯಶಾಸ್ತ್ರವು ಅನುಮಾನವನ್ನು ಪೂರ್ವವತ್, ಶೇಷವತ್, ಸಾಮಾನ್ಯತೋದೃಷ್ಟ ಎಂದು ಮೂರು ಬಗೆಯಾಗಿ ವಿಂಗಡಿಸುವುದು. ರಹಸ್ಯಕಥೆಯನ್ನು ನೋಡುವವನದು ಹೆಚ್ಚಾಗಿ ಶೇಷವತ್. ಕಾರ್ಯದಿಂದ ಕಾರಣಕ್ಕೆ ಹಿಂದೆ ನಡೆಯುವುದು. ಇದಕ್ಕೆ ಶಾಸ್ತ್ರಕಾರರು ಕೊಡುವ ಉದಾಹರಣೆಯು ನದಿಯದು: ಹೊಳೆ ತುಂಬಿ ಬಂದುದನ್ನು ಕಂಡು ಮೇಲೆಲ್ಲಿಯೋ ಮಳೆಯಾಗಿದೆಯೆಂದು ತಿಳಿಯುವುದು. ಕಾವೇರಿಯ ಕೆಳಗಿನ ಅರಕೆರೆಯ ರೈತನಿಗೆ ಈ ಉದಾಹರಣೆಯನ್ನು ಯಾವ ಪಂಡಿತನೂ ಹೇಳಿಕೊಡಬೇಕಾಗಿಲ್ಲ. ನೀರು ಕೆಂಪಾಗಿ ಏರಿದರೆ ಕೊಡಗಿನಲ್ಲಿ ಮಳೆಯೆಂದು ಅವನ ಅಜ್ಜನೇ ಬಲ್ಲವನಾಗಿದ್ದನು. ಆದರೆ ಕೃಷ್ಣರಾಜಸಾಗರದ ಕಟ್ಟೆ ಬಂದ ಮೇಲೆ ಆ ಅನುಮಾನವು ಮೊದಲಿನಷ್ಟು ಭದ್ರವಾಗಿ ಉಳಿಯಲಿಲ್ಲ. ಹೊಳೆ ಏರಿದುದಕ್ಕೆ ಮಳೆಯೂ ಕಾರಣವಾಗಿರಬಹುದು, ಬಾಗಿಲು ತೆರೆದವನೂ ಕಾರಣವಾಗಿರಬಹುದು.

ಸ್ವಾರಸ್ಯವೇನೆಂದರೆ, ಈ ಆಕ್ಷೇಪವನ್ನು ನ್ಯಾಯಸೂತ್ರವೇ ಎತ್ತಿದೆ. ಎಲ್ಲಿಯೋ ನೀರಿಗೆ ತಡೆಯಾದರೂ ಹೊಳೆ ಉಬ್ಬಬಹುದಾದ್ದರಿಂದ ಹೇತುವು ವ್ಯಭಿಚರಿಸುವುದೆಂದು ಪೂರ್ವಪಕ್ಷ. ಅದಕ್ಕೆ ಸಮಾಧಾನವನ್ನು ಹೇಳುವಾಗ ಭಾಷ್ಯಕಾರ ವಾತ್ಸ್ಯಾಯನನು, ಬರಿಯ ಉಬ್ಬರವು ಹೇತುವಲ್ಲ, ವೇಗದ ಸೆಳೆತ, ಹೇರಳವಾದ ನೊರೆ, ತೇಲಿಬರುವ ಹಣ್ಣು ಎಲೆ ಕಟ್ಟಿಗೆಗಳು, ಇವುಗಳಿಂದ ಕೂಡಿದ ಉಬ್ಬರವೇ ಹೇತುವು ಎನ್ನುತ್ತಾನೆ. ರಹಸ್ಯಕಥೆಯನ್ನು ಕುರಿತ ಪ್ರೇಕ್ಷಕರ ಸಿದ್ಧಾಂತಗಳಲ್ಲಿ ಒಳ್ಳೆಯದು ಯಾವುದು, ಕೆಟ್ಟದು ಯಾವುದು ಎಂದು ತೂಗಲು ಇದಕ್ಕಿಂತ ಉತ್ತಮವಾದ ತಕ್ಕಡಿಯು ದೊರೆಯಲಾರದು. ‘ಅವನ ಮೋರೆಯೇ ಸರಿಯಿಲ್ಲ’ ಎಂಬುದು ಬರಿಯ ಉಬ್ಬರ. ‘ಎರಡನೆಯ ಕಂತಿನಲ್ಲಿ ಅವನು ದೀಪವಿಲ್ಲದೆಯೇ ಬಾಗಿಲ ಚಿಲಕವನ್ನು ಕೈಹಾಕಿ ತೆಗೆದನು, ಆದ್ದರಿಂದ ಆ ಮನೆಯು ಅವನಿಗೆ ಹೊಸದಲ್ಲ’ ಎಂಬಂಥ ಮಾತು ನೊರೆಯನ್ನೂ ಕಟ್ಟಿಗೆಯನ್ನೂ ಕಂಡವನ ಮಾತು. ಮುಂದೆ ಉತ್ತರವು ಬೇರೆಯಾಗಿಯೇ ತೋರಿದರೂ ಎರಡನೆಯವನು ಕೃತಿಯನ್ನು ಓದಿದವನು. ಮೊದಲನೆಯವನ ಊಹೆಯು ನಿಜವಾದರೂ ಅವನು ಓದಿದವನಲ್ಲ.

ಇದಕ್ಕಿಂತ ಸೂಕ್ಷ್ಮವಾದ ಹೇತ್ವಾಭಾಸವೊಂದುಂಟು. ಕೃತಿಯ ಹೊರಗಿನಿಂದ ಹೇತುವನ್ನು ತರುವುದು ಅದರ ಲಕ್ಷಣ. ‘ಇಷ್ಟು ದೊಡ್ಡ ನಟನನ್ನು ಇಷ್ಟು ಸಣ್ಣ ಪಾತ್ರಕ್ಕೆ ಹಾಕುವರೆ? ಆದ್ದರಿಂದ ಕೊಲೆಗಾರನು ಅವನೇ’ ಎಂಬ ವಾದವು ಎಲ್ಲ ದೇಶಗಳ ಪ್ರೇಕ್ಷಕರಲ್ಲಿಯೂ ಸಾಮಾನ್ಯ. ಅನೇಕವೇಳೆ ಅದು ಸರಿಯಾಗಿಯೇ ಹೋಗುವುದೆಂಬುದು ಅದರ ಅಪಾಯ. ಗುಡ್ಡದ ಭೂತವು ಇದಕ್ಕೆ ವಿಲಕ್ಷಣವಾದ ನಿದರ್ಶನವಾಗಿದೆ. ಅದರಲ್ಲಿ ಅಭಿನಯಿಸಿದ ಪ್ರಕಾಶ್ ರೈ ಆಗ ಹೊಸಬರು. ಮುಂದೆ ಅವರು ಪ್ರಕಾಶ್ ರಾಜ್ ಎಂಬ ಹೆಸರಿನಿಂದ ತಮಿಳು, ತೆಲುಗು, ಹಿಂದಿ ಚಿತ್ರಗಳಲ್ಲಿ, ಅದರಲ್ಲಿಯೂ ಖಳರ ಪಾತ್ರಗಳಿಂದ, ಪ್ರಖ್ಯಾತರಾದರು. ಮೊದಲ ಪ್ರೇಕ್ಷಕರಿಗೆ ಆ ಮುಖವು ಏನನ್ನೂ ಹೇಳುತ್ತಿರಲಿಲ್ಲ. ಇಂದು ಅದೇ ಕಂತನ್ನು ನೋಡುವ ತರುಣನ ಕಣ್ಣು ಮೊದಲಿಗೆ ಆ ಮುಖದ ಮೇಲೆಯೇ ನಿಲ್ಲುವುದು. ಸುವರ್ಣರು ಇಡದಿದ್ದ ಸುಳಿವನ್ನು ಕಾಲವು ಇಟ್ಟುಬಿಟ್ಟಿದೆ. ಹಳೆಯ ಕಾವ್ಯಗಳನ್ನು ಓದುವಾಗಲೂ ಹೀಗೆ ಎಷ್ಟು ಸುಳಿವುಗಳು ಕವಿಯವಾಗಿರದೆ ಕಾಲದವಾಗಿರುವುವೋ ಪರೀಕ್ಷಿಸಿ ನೋಡಬೇಕಾದುದು.

ಕಂತುಗಳ ನಡುವಣ ಬಿಡುವಿನ ವಿಷಯ. ಭರತನು ನಾಟಕಕ್ಕೆ ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣಗಳೆಂಬ ಐದು ಸಂಧಿಗಳನ್ನು ಹೇಳಿದ್ದಾನೆ. ಫಲವು ಕೈಗೂಡುವುದೋ ತಪ್ಪುವುದೋ ಎಂಬ ತೂಗಾಟವು ನಾಲ್ಕನೆಯದರಲ್ಲಿ. ಅದರ ಹೆಸರೇ ಕನ್ನಡದಲ್ಲಿ ಸಾಹಿತ್ಯಪರೀಕ್ಷೆಗೆ ಹೆಸರಾಗಿ ನಿಂತಿರುವುದು ಕಾಕತಾಳೀಯವಿರಬಹುದು, ಆದರೂ ಅರ್ಥವತ್ತಾಗಿದೆ. ರಂಗದ ಮೇಲೆ ಗಳಿಗೆಗಳಲ್ಲಿ ಕಳೆಯುವ ಈ ಸಂಧಿಯನ್ನು ಧಾರಾವಾಹಿಯು ಏಳು ದಿನಗಳಿಗೆ ಹಿಗ್ಗಿಸಿ ಪ್ರೇಕ್ಷಕನ ಮನೆಗೆ ಕಳುಹಿಸಿತು. ಆ ಏಳು ದಿನಗಳಲ್ಲಿ ನಾಟಕವು ನಡೆಯುವುದು ಜಗಲಿಯ ಮೇಲೆಯೇ.

ಚಾರ್ಲ್ಸ್ ಡಿಕನ್ಸನು 1870ರ ಜೂನ್ 9ರಂದು ತೀರಿಕೊಂಡಾಗ ‘ಎಡ್ವಿನ್ ಡ್ರೂಡ್’ ಕಾದಂಬರಿಯ ಹನ್ನೆರಡು ಭಾಗಗಳಲ್ಲಿ ಆರು ಭಾಗಗಳಷ್ಟೇ ಸಿದ್ಧವಾಗಿದ್ದುವು. ಡ್ರೂಡನು ಸತ್ತನೋ ಬದುಕಿದನೋ ಎಂಬ ಚರ್ಚೆಯು ಅಂದಿನಿಂದ ನಿಂತಿಲ್ಲ. 1914ರಲ್ಲಿ ಲಂಡನ್ನಿನಲ್ಲಿ ಕಾದಂಬರಿಯ ಜಾಸ್ಪರನ ಮೇಲೆ ವಿನೋದದ ನ್ಯಾಯವಿಚಾರಣೆಯನ್ನೇ ನಡೆಸಿದರು. ಚೆಸ್ಟರ್‌ಟನ್ನನು ನ್ಯಾಯಾಧೀಶ, ಬರ್ನಾರ್ಡ್ ಷಾ ಪಂಚಾಯತರ ಮುಖಂಡ. ಕೊನೆಗೆ ಚೆಸ್ಟರ್‌ಟನ್ನನು ನ್ಯಾಯಾಲಯದ ನಿಂದನೆಗಾಗಿ ತನ್ನನ್ನು ಬಿಟ್ಟು ಅಲ್ಲಿದ್ದವರಿಗೆಲ್ಲ ದಂಡ ವಿಧಿಸಿದನು. ಅಭಿಮಾನಿಗಳ ಸಿದ್ಧಾಂತಗಳಿಗೆ ಇಷ್ಟು ಗೌರವವೂ ಇಷ್ಟು ಹಾಸ್ಯವೂ ಒಟ್ಟಿಗೆ ಸಂದ ಸಂದರ್ಭವು ಮತ್ತೊಂದಿಲ್ಲವೆನ್ನಬಹುದು.

ಇದಕ್ಕೆ ಪ್ರತಿಯಾಗಿ ಅಮೆರಿಕದ ‘ಟ್ವಿನ್ ಪೀಕ್ಸ್’. 1990ರ ಏಪ್ರಿಲ್‌ನಲ್ಲಿ ಆರಂಭವಾದ ಆ ಧಾರಾವಾಹಿಯಲ್ಲಿ ಲಾರಾ ಪಾಮರಳನ್ನು ಕೊಂದವನಾರೆಂಬ ಪ್ರಶ್ನೆಯು ಆ ದೇಶವನ್ನೇ ಹಿಡಿದಿಟ್ಟಿತು. ಉತ್ತರವನ್ನು ಹೇಳಿಬಿಡಬೇಕೆಂಬ ಒತ್ತಾಯಕ್ಕೆ ಸಿಕ್ಕಿ ಅದೇ ನವೆಂಬರಿನಲ್ಲಿ ಹೇಳಿದರು. ಆಮೇಲೆ ನೋಡುವವರು ಕಡಿಮೆಯಾಗಿ ಮರುವರ್ಷ ಜೂನ್‌ನಲ್ಲಿ ಅದು ನಿಂತೇಹೋಯಿತು. ನಿರ್ವಹಣಸಂಧಿಯಲ್ಲಿ ಅದ್ಭುತರಸವಿರಬೇಕೆಂದು ಭರತನು ವಿಧಿಸಿದುದರ ಮರ್ಮವು ಇಲ್ಲಿ ತಿಳಿಯುವುದು. ಬರಿಯ ಹೆಸರನ್ನು ಹೇಳಿದರೆ ಶಂಕೆಯು ತೀರುವುದು, ಅದ್ಭುತವು ಹುಟ್ಟದು. ಪ್ರೇಕ್ಷಕರು ಊಹಿಸಿಬಿಟ್ಟರೆಂದು ಹೆದರಿ ಕೊನೆಯನ್ನು ಬದಲಿಸುವ ಕಥೆಗಾರನಿಗಾದರೋ ಇದಕ್ಕಿಂತಲೂ ಹೆಚ್ಚಿನ ಹಾನಿ. ತಾನು ನ್ಯಾಯವಾಗಿ ಇಟ್ಟ ನೊರೆ ಕಟ್ಟಿಗೆಗಳನ್ನೆಲ್ಲ ಅವನು ತಾನೇ ಸುಳ್ಳುಮಾಡುವನು. ಗಮನವಿಟ್ಟು ನೋಡಿದವನೇ ಮೋಸಹೋಗುವನು.

ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ವು ಮೂರನೆಯ ದಾರಿಯನ್ನು ಹಿಡಿದಿದೆ. 1987ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದ ಈ ಕಾದಂಬರಿಯನ್ನು ಗಿರೀಶ ಕಾರ್ನಾಡರು ದೂರದರ್ಶನಕ್ಕೂ ತಂದರು. ಕೆಸರೂರಿನಲ್ಲಿ ಏಲಕ್ಕಿಯ ಇಳುವರಿ ಕುಗ್ಗಿದುದೇಕೆ, ವಿಜ್ಞಾನಿ ಜೋಗಿಹಾಳರ ಸಾವು ಹೇಗಾಯಿತು ಎಂದು ಪತ್ತೆಮಾಡಲು ಅಧಿಕಾರಿ ಅಂಗಡಿಯು ಬರುತ್ತಾನೆ. ಊರೆಲ್ಲವೂ ತನ್ನ ತನ್ನ ಸಿದ್ಧಾಂತವನ್ನು ಕಟ್ಟುವುದು. ಹಾಗೆ ನೋಡಿದರೆ ಕೆಸರೂರೇ ಒಂದು ಪ್ರೇಕ್ಷಕವೃಂದ. ಆದರೆ ಅವರು ಕೊಲೆಗಾರನನ್ನು ಹುಡುಕುತ್ತಿರುವಾಗ, ಯಾರೂ ಸುಳಿವೆಂದು ಎಣಿಸದ ಲಂಟಾನದ ಪೊದೆಯು ಊರಿನ ಸುತ್ತ ಬೆಳೆಯುತ್ತಲೇ ಇರುವುದು. ಕಡೆಗೆ ಬೆಂಕಿ ಬರುವುದು ಅದರಿಂದ. ಚಿದಂಬರದ ಗುಡಿಯಲ್ಲಿ ತೆರೆಯನ್ನು ಸರಿಸಿದರೆ ಕಾಣುವುದು ಬಯಲು. ಇಲ್ಲಿ ತೆರೆಯ ಹಿಂದೆ ಬಯಲಿಲ್ಲ, ಉರಿ ಇದೆ. ಕೊಂದವನ ಹೆಸರು ದೊರೆಯಲಿಲ್ಲವೆಂದು ದೂರುವ ವಿದ್ಯಾರ್ಥಿಗೆ ಉಪಾಧ್ಯಾಯನು ಮಾಡಬೇಕಾದುದು ಇಷ್ಟೇ: ಪುಸ್ತಕವನ್ನು ಮೊದಲಿನಿಂದ ತೆಗೆಸಿ, ಲಂಟಾನವು ಎಲ್ಲೆಲ್ಲಿ ಬರುವುದೋ ಆ ಪುಟಗಳನ್ನು ಗುರುತುಹಾಕಿಸುವುದು.