ಪಾಡ್ದನ ಕೇಳುವ ಆಸೆಗಾದರೂ ತುಳು ಕಲಿಯಿರಿ

ಬೆಳ್ತಂಗಡಿ ತಾಲೂಕಿನ ಗುರುವಾಯನಕೆರೆ ಪೇಟೆಯಲ್ಲಿ ಕನ್ನಡವೊಂದೇ ಬಂದರೂ ದಿನ ಸಾಗುತ್ತದೆ. ಘಟ್ಟದ ಮೇಲಿನಿಂದ ಓದಲೆಂದೋ ಕೆಲಸಕ್ಕೆಂದೋ ಬಂದವರ ಮಾತು ಕಿವಿಗೆ ಬಿದ್ದೊಡನೆ ಅಂಗಡಿಯವರು, ರಿಕ್ಷಾದವರು ತಾವಾಗಿಯೇ ಕನ್ನಡಕ್ಕೆ ಹೊರಳುತ್ತಾರೆ. ಹೀಗಾಗಿ ಎಷ್ಟೋ ಜನ ವರ್ಷಗಟ್ಟಲೆ ಇದ್ದೂ ತುಳು ಕಲಿಯುವುದೇ ಇಲ್ಲ. ಇಂಗ್ಲಿಷಿನಲ್ಲೇ ಬದುಕು ಸಾಗುವವರೂ ಲಿಸ್ಬನ್ನಿನ ಫಾಡೊ ಹಾಡಿಗೆ ಮನಸೋತು ಪೋರ್ಚುಗೀಸ್ ಕಲಿಯುವುದುಂಟು. ಇಲ್ಲಿ ಅಂಥ ಆಸೆ ಹುಟ್ಟಿಸುವ ಶಕ್ತಿ ತುಳುವಿನ ಕಥನ ಹಾಡಾದ ಪಾಡ್ದನಕ್ಕಿದೆ.

ಕಲ್ಕುಡನ ಪಾಡ್ದನದಿಂದ ಶುರುಮಾಡಿ, ಅದರ ಊರುಗಳು ಹತ್ತಿರದಲ್ಲೇ ಇವೆ. ಕಾರ್ಕಳದ ಗೊಮ್ಮಟನನ್ನು ಕಡೆದ ಬೀರು ಕಲ್ಕುಡ ಅಂಥದ್ದನ್ನು ಇನ್ನೆಲ್ಲೂ ಕಡೆಯಬಾರದೆಂದು ಅರಸ ಅವನ ಎಡಗೈ, ಬಲಗಾಲು ಕಡಿಸುತ್ತಾನೆ. ಕಲ್ಕುಡ ಉಳಿದೊಂದು ಕೈಯಲ್ಲಿ ವೇಣೂರಿನ ಗೊಮ್ಮಟನನ್ನು ಕಡೆಯುತ್ತಾನೆ. ಅವನನ್ನು ಹುಡುಕಿ ಬಂದ ತಂಗಿ ಕಲ್ಲುರ್ಟಿಯೊಡನೆ ದೈವವಾಗಿ ಸೇಡು ತೀರಿಸಿಕೊಳ್ಳುತ್ತಾನೆ. ಕಾರ್ಕಳದ ವಿಗ್ರಹ ನಿಂತದ್ದು 1432ರಲ್ಲಿ, ವೇಣೂರಿನದು 1604ರಲ್ಲಿ. ನಡುವಿನ 172 ವರ್ಷ ಪಾಡ್ದನದಲ್ಲಿ ಒಬ್ಬನ ಆಯಸ್ಸಿನೊಳಗೆ ಬಂದಿದೆ. ಇಸವಿ ಹಿಡಿದು ತಪ್ಪು ಹುಡುಕಬೇಡಿ. ವಿಗ್ರಹ ಮಾಡಿಸಿದ ಅರಸನ ಹೆಸರು ಶಾಸನದಲ್ಲಿ ಸಿಗುತ್ತದೆ, ಕಡೆದವನ ಕೈ ಏನಾಯಿತೆಂದು ಕೇಳಬೇಕಾದರೆ ಪಾಡ್ದನಕ್ಕೇ ಬರಬೇಕು.

ಹೊಸಬರಿಗೆ ಮೊದಲು ತೊಡಕೆನಿಸುವುದು ಹೇಳಿದ್ದನ್ನೇ ಹೇಳುವ ರೀತಿ. ಒಬ್ಬರು ಹೇಳಿಕಳಿಸಿದ ಮಾತನ್ನು ಓಲೆ ಒಯ್ದವನು ಅಲ್ಲಿ ಪೂರ್ತಿಯಾಗಿ ಮತ್ತೆ ಹೇಳುತ್ತಾನೆ. ಬೇಸರಿಸದೆ ಕೇಳಿ. ಎರಡನೆಯ ಸಲ ಯಾವ ಪದ ಬದಲಾಯಿತು, ಎಲ್ಲಿ ದನಿ ಎಳೆಯಿತು ಎಂಬುದರಲ್ಲೇ ಹಾಡುವವರ ಕಸುಬು ಕಾಣುತ್ತದೆ. ಕಲಿಯುವವರಿಗೆ ಇದರಿಂದ ಲಾಭವೂ ಇದೆ, ಮೊದಲ ಸಲ ತಪ್ಪಿಹೋದ ಪದ ಎರಡನೆಯ ಸಲ ಕೈಗೆ ಸಿಗುತ್ತದೆ.

ನೇಜಿ ನೆಡುವ ಗದ್ದೆಯಲ್ಲಿ ಒಬ್ಬಾಕೆ ಪಾಡ್ದನದ ಸಾಲು ಎತ್ತಿಕೊಟ್ಟರೆ ಉಳಿದವರು ದನಿಗೂಡಿಸುತ್ತಾರೆ. ದೈವದ ಕೋಲದಲ್ಲಾದರೆ ತೆಂಬರೆಯ ಬಡಿತಕ್ಕೆ ಹಾಡು. ನಾಟಿ ಯಂತ್ರ ಬಂದ ಮೇಲೆ ಗದ್ದೆಯ ಹಾಡು ಕಡಿಮೆಯಾಗಿದೆ. ಅದಕ್ಕೇ ಈಗಲೇ ಕೇಳಬೇಕು ಅನ್ನುತ್ತೇನೆ.

ಕಿವಿ ಪಳಗಿದ ಮೇಲೆ ಸಿರಿಯ ಪಾಡ್ದನಕ್ಕೆ ಬನ್ನಿ. ಇದೇ ಬೆಳ್ತಂಗಡಿ ತಾಲೂಕಿನ ಮಾಚಾರು ಗೋಪಾಲ ನಾಯ್ಕರು 1990ರ ಡಿಸೆಂಬರಿನಲ್ಲಿ ಫಿನ್ಲೆಂಡಿನ ವಿದ್ವಾಂಸ ಲೌರಿ ಹಾಂಕೊ, ಬಿ. ಎ. ವಿವೇಕ ರೈ, ಚಿನ್ನಪ್ಪ ಗೌಡರ ತಂಡಕ್ಕೆ ನಿರೂಪಿಸಿದ ಸಿರಿ ಕಾವ್ಯ 15,683 ಸಾಲು. 1998ರಲ್ಲಿ ಅದು ಅಚ್ಚಾಯಿತು. ಸೀರೆಯ ಪ್ರಸಂಗವನ್ನು ಗಮನವಿಟ್ಟು ಕೇಳಿ. ಬಸುರಿ ಸಿರಿಯ ಬಯಕೆಗೆಂದು ಗಂಡ ಕಾಂತು ಪೂಂಜ ಕೊಂಡ ಸೀರೆಯನ್ನು ಅವನ ಪ್ರೇಯಸಿ ಸಿದ್ದು ಮೊದಲು ಉಟ್ಟು ಬಿಟ್ಟಿರುತ್ತಾಳೆ. ಸಿರಿಗೆ ಅದು ಗೊತ್ತು, ಸೀರೆಯನ್ನು ಒಲ್ಲೆ ಎನ್ನುತ್ತಾಳೆ. ಮುಂದೆ ತಾನಾಗಿಯೇ ಆ ಮದುವೆ ಕಡಿದುಕೊಂಡು ಇನ್ನೊಂದು ಮದುವೆಯಾಗುತ್ತಾಳೆ. ಇಷ್ಟು ನೆಟ್ಟಗೆ ಮಾತಾಡುವ ಹೆಣ್ಣನ್ನು ಅವಳ ನುಡಿಯಲ್ಲೇ ಕೇಳಬೇಕು.

ತುಳು ಪುಸ್ತಕಗಳು ಹೆಚ್ಚಾಗಿ ಕನ್ನಡ ಲಿಪಿಯಲ್ಲೇ ಇರುವುದರಿಂದ ಓದಲು ತೊಂದರೆಯಿಲ್ಲ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರ ತಂದ ತುಳು ನಿಘಂಟಿನ 6 ಸಂಪುಟಗಳು ಅರ್ಥಕ್ಕೆ ನೆರವಾಗುತ್ತವೆ. ಕೋಲಕ್ಕೆ ಹೋದರೆ ಮನೆಯ ಹಿರಿಯರು ತೋರಿಸಿದ ಕಡೆ ನಿಲ್ಲಿ, ಅವರನ್ನು ಕೇಳದೆ ಮೊಬೈಲ್ ಎತ್ತಬೇಡಿ.