ಕೋಗಿಲೆಯಲ್ಲದ ಅಮೀರ್‌ಬಾಯಿ

ಬೀಳಗಿಯ ಗಾಯಕಿ ಅಮೀರ್‌ಬಾಯಿ ಕರ್ನಾಟಕಿಯನ್ನು ‘ಕನ್ನಡ ಕೋಕಿಲ’ ಎಂದು ಕರೆಯುವುದು ರೂಢಿ. ಬಿರುದು ಕೊಟ್ಟವರ ಅಕ್ಕರೆ ದೊಡ್ಡದು. ಆದರೆ ಅದು ದನಿಗೆ ಒಪ್ಪುವುದಿಲ್ಲ. 1943ರ ‘ಕಿಸ್ಮತ್’ ಚಿತ್ರದ ಹಾಡುಗಳನ್ನು ಕಣ್ಣುಮುಚ್ಚಿ ಕೇಳಿ. ಮಾವಿನ ಚಿಗುರು ಮೆಲ್ಲುವ ಹಕ್ಕಿಯ ನಯ ಅಲ್ಲಿಲ್ಲ. ಎದೆಯಿಂದ ಎದ್ದು, ಮೂಗಿಗೆ ತುಸು ತಾಗಿ, ಪ್ರತಿ ಪದದ ಮೇಲೂ ಭಾರ ಹಾಕಿ ನಿಲ್ಲುವ ದನಿ ಅದು. ಬಿರುದಿನ ಸಿಹಿಯಲ್ಲಿ ಈ ಭಾರ ನಮಗೆ ಕೇಳಿಸದೇ ಹೋಗಿದೆ.

ಅವರು ಹುಟ್ಟಿದ್ದು ಕಳೆದ ಶತಮಾನದ ಮೊದಲ ದಶಕದಲ್ಲಿ. ಬೀಳಗಿ ಆಗ ಮುಂಬೈ ಪ್ರಾಂತದ ಬಿಜಾಪುರ ಜಿಲ್ಲೆಗೆ ಸೇರಿತ್ತು. ಆಡಳಿತಕ್ಕೆ ಮುಂಬೈ, ರಂಗಭೂಮಿಗೆ ಮರಾಠಿ ಕಂಪನಿಗಳು ಈ ಸೀಮೆಗೆ ಪರಕೀಯವಾಗಿರಲಿಲ್ಲ. ಅಕ್ಕ ಗೋಹರಬಾಯಿ ಮರಾಠಿ ರಂಗನಟ ಬಾಲಗಂಧರ್ವರ ಕಂಪನಿಯ ನಟಿಯಾಗಿ, ಮುಂದೆ ಅವರ ಬಾಳಸಂಗಾತಿಯೂ ಆದರು. ತಂಗಿ 1934ರ ‘ವಿಷ್ಣುಭಕ್ತಿ’ಯಿಂದ ಹಿಂದಿ ಚಿತ್ರರಂಗಕ್ಕೆ ಕಾಲಿಟ್ಟರು. ಕರ್ನಾಟಕ ಎಂಬ ರಾಜ್ಯವೇ ಇಲ್ಲದ ಕಾಲದಲ್ಲಿ ಅಕ್ಕತಂಗಿಯರು ‘ಕರ್ನಾಟಕಿ’ ಎಂದೇ ಮುಂಬೈಯಲ್ಲಿ ಹೆಸರಾದರು.

ಆ ಭಾರದ ದನಿ ಎಲ್ಲಿಯದು? ಜಮಖಂಡಿ, ಮುಧೋಳ ಸೀಮೆಯಲ್ಲಿ ಶ್ರೀಕೃಷ್ಣ ಪಾರಿಜಾತವೆಂಬ ಜನಪದ ಆಟ ನೋಡಿದವರಿಗೆ ಇದರ ನೆಂಟಸ್ತನ ಹೊಳೆಯುತ್ತದೆ. ಮೈಕಿಲ್ಲದ ಬಯಲಿನಲ್ಲಿ, ಕಟ್ಟೆಯ ಆಚೆ ಕುಳಿತವನಿಗೂ ಮಾತು ಮುಟ್ಟಬೇಕು. ಅಲ್ಲಿ ಕಂಠದ ಬೆಡಗಿಗಿಂತ ಪದದ ಸ್ಪಷ್ಟತೆಯೇ ಮೊದಲು. ಅಮೀರ್‌ಬಾಯಿ ಪಾರಿಜಾತದಲ್ಲಿ ಹಾಡಿದರೆಂದು ನಾನು ಹೇಳುತ್ತಿಲ್ಲ. ಅವರ ಉಚ್ಚಾರದಲ್ಲಿ ಬಯಲಿನ ಆ ಶಿಸ್ತು ನನಗೆ ಕೇಳುತ್ತದೆ.

1940ರ ‘ನರಸಿ ಭಗತ್’ನಲ್ಲಿ ಅವರು ಹಾಡಿದ ‘ವೈಷ್ಣವ ಜನ ತೋ’ ಇದಕ್ಕೆ ಒಳ್ಳೆಯ ಸಾಕ್ಷಿ. ಭಜನೆಯನ್ನು ಅವರು ಕರಗಿಸುವುದಿಲ್ಲ, ನೆಟ್ಟಗೆ ನಿಲ್ಲಿಸುತ್ತಾರೆ. ‘ಕಿಸ್ಮತ್’ನಲ್ಲಿ ಸಂಗೀತ ನಿರ್ದೇಶಕ ಅನಿಲ್ ಬಿಸ್ವಾಸ್ ಈ ದನಿಯ ಎರಡು ಮುಖಗಳನ್ನು ಬಳಸಿಕೊಂಡರು. ಖಾನ್ ಮಸ್ತಾನಾ ಜೊತೆಗಿನ ದೇಶಭಕ್ತಿಯ ಹಾಡಿನಲ್ಲಿ ಕವಿ ಪ್ರದೀಪ್ ಜರ್ಮನಿ, ಜಪಾನುಗಳ ಹೆಸರಿಟ್ಟು ಬ್ರಿಟಿಷ್ ಸೆನ್ಸಾರಿನ ಕಣ್ಣು ತಪ್ಪಿಸಿದ್ದರು. ಕ್ವಿಟ್ ಇಂಡಿಯಾ ಚಳವಳಿಯ ಮರುವರ್ಷ ಟಾಕೀಸಿನಲ್ಲಿ ಕುಳಿತವರಿಗೆ ನಿಜವಾದ ಗುರಿ ಯಾರೆಂದು ತಿಳಿಯದೇ ಇರಲಿಲ್ಲ. ಅಲ್ಲಿ ಗುಡುಗುವ ಅದೇ ಕಂಠ ಅದೇ ಚಿತ್ರದ ಜೋಗುಳದಲ್ಲಿ ಎತ್ತರವನ್ನು ಇಳಿಸುತ್ತದೆ, ತೂಕವನ್ನು ಇಳಿಸುವುದಿಲ್ಲ. ಮೆಲ್ಲಗೆ ಹಾಡಿಯೂ ತೆಳುವಾಗದಿರುವುದೇ ಅವರ ಹೆಚ್ಚುಗಾರಿಕೆ.

1944ರ ‘ಭರ್ತೃಹರಿ’ಗೆ ಖೇಮಚಂದ್ ಪ್ರಕಾಶ್, ‘ರತನ್’ಗೆ ನೌಷಾದ್ ಅಮೀರ್‌ಬಾಯಿಯಿಂದ ವಿರಹದ ಹಾಡು ಹಾಡಿಸಿದರು. ನಟ ಹಿಮಾಲಯವಾಲಾ ಜೊತೆಗಿನ ದಾಂಪತ್ಯ ನರಕವಾಗಿತ್ತೆಂಬುದು ಗೊತ್ತಿರುವ ಸಂಗತಿ. ಆ ಕಣ್ಣೀರೇ ಹಾಡಾಯಿತು ಎನ್ನುವವರಿದ್ದಾರೆ. ಈ ಮಾತು ಕಲಾವಿದೆಯ ಕಸುಬನ್ನು ಸಣ್ಣದು ಮಾಡುತ್ತದೆ. ಸಾಲಿನ ಕೊನೆಯ ಸ್ವರವನ್ನು ಎಳೆಯದೆ ಅರ್ಧಕ್ಕೇ ಬಿಡುವುದು, ಕೇಳುವವನು ಅದನ್ನು ತುಂಬಿಕೊಳ್ಳಲಿ ಎಂದು ಕಾಯುವುದು ಅಳುವಿನಿಂದ ಬರುವುದಲ್ಲ, ಸಾಧನೆಯಿಂದ ಬರುವುದು.

ಕೊರತೆಗಳೂ ಇವೆ. 1947ರ ‘ಶೆಹನಾಯಿ’ಗೆ ಸಿ. ರಾಮಚಂದ್ರ ತಂದ ಚುರುಕು ಲಯದ ಪಕ್ಕದಲ್ಲಿ ಈ ಭಾರ ಹಳೆಯದೆನಿಸುತ್ತದೆ. ತುಂಟತನಕ್ಕೆ ಅವರ ಗಂಟಲು ಸುಲಭವಾಗಿ ಬಾಗುವುದಿಲ್ಲ. ಶಂಶಾದ್ ಬೇಗಂ ನಗುನಗುತ್ತ ದಾಟುವ ಕಡೆ ಇವರು ಹೆಜ್ಜೆ ಎಣಿಸುತ್ತಾರೆ. ದುಃಖದ ಹಾಡುಗಳನ್ನು ಒಂದರ ಹಿಂದೊಂದು ಕೇಳಿದರೆ ಒಂದೇ ಬಣ್ಣ ಎನಿಸುವುದೂ ಉಂಟು. 1948ರ ‘ಶಹನಾಜ್’ಗೆ ತಾವೇ ಸಂಗೀತ ಕೊಟ್ಟರು. ಹೆಂಗಸರು ಸಂಗೀತ ನಿರ್ದೇಶಕರ ಕುರ್ಚಿಯಲ್ಲಿ ಕೂರುವುದೇ ಅಪರೂಪವಾಗಿದ್ದ ಕಾಲದಲ್ಲಿ ಅದು ದಿಟ್ಟತನ. ಆದರೆ ಆ ದಾರಿ ಮುಂದುವರಿಯಲಿಲ್ಲ.

1949ರಲ್ಲಿ ‘ಮಹಲ್’ ಬಂತು. ಅದರಲ್ಲಿ ಹಾಡಿದ ಲತಾ ಮಂಗೇಶ್ಕರರ ತೆಳುವಾದ, ಎತ್ತರದ ಕಂಠವೇ ಹೆಣ್ಣುದನಿಯ ಅಳತೆಗೋಲಾಯಿತು. ಅಮೀರ್‌ಬಾಯಿ, ಜೋಹ್ರಾಬಾಯಿ ಅಂಬಾಲೆವಾಲಿಯಂಥವರು ಬದಿಗೆ ಸರಿದರು. ಅವರು ಕೆಟ್ಟದಾಗಿ ಹಾಡತೊಡಗಿದ್ದರಿಂದಲ್ಲ, ಕೇಳುವ ಕಿವಿ ಬದಲಾದದ್ದರಿಂದ. ‘ಕೋಕಿಲ’ ಎಂಬ ಬಿರುದು ಈ ಹೊಸ ಅಳತೆಗೋಲಿನಿಂದಲೇ ಅವರನ್ನು ಅಳೆಯುತ್ತದೆ, ಆಮೇಲೆ ಕಡಿಮೆ ಅಂಕ ಕೊಡುತ್ತದೆ.

ರಹಮತ್ ತರೀಕೆರೆ ಅಮೀರ್‌ಬಾಯಿಯ ಜೀವನಚರಿತ್ರೆ ಬರೆದು ಕನ್ನಡದ ಮರೆವಿಗೆ ಒಂದಿಷ್ಟು ಮದ್ದು ಕೊಟ್ಟಿದ್ದಾರೆ. ಹಾಡಿ ಗಳಿಸಿದ್ದರಲ್ಲಿ ಅಮೀರ್‌ಬಾಯಿ ಬಿಜಾಪುರದಲ್ಲಿ ಅಮೀರ್ ಟಾಕೀಸ್ ಕಟ್ಟಿಸಿದರು. 1965ರಲ್ಲಿ ತೀರಿಕೊಂಡಾಗ ಮಣ್ಣಾದದ್ದೂ ಅದೇ ಊರಿನಲ್ಲಿ. ಬಿರುದು ನಾವು ಕೊಟ್ಟದ್ದು. ‘ಕರ್ನಾಟಕಿ’ ಎಂಬುದು ಅವರು ಹೊತ್ತು ನಡೆದದ್ದು. ಹಕ್ಕಿಯನ್ನು ಹಾರಲು ಬಿಟ್ಟು, ಇನ್ನು ಆ ಹೆಸರಿನಿಂದಲೇ ಕೇಳೋಣ.