ಮೂರು ದಿನದ ಕರಾವಳಿ: ಒಂದು ಪಟ್ಟಿಯ ವಿಮರ್ಶೆ

ಬೆಂಗಳೂರಿನಿಂದ ಕರಾವಳಿಗೆ ಹೊರಡುವವರ ಕೈಯಲ್ಲೆಲ್ಲ ಓಡಾಡುವ ಒಂದು ಪಟ್ಟಿ ಇದೆ. ಮೊದಲ ದಿನ ಮಂಗಳೂರು, ಪಣಂಬೂರು, ಕಾಪು ದೀಪಸ್ತಂಭ, ಉಡುಪಿ, ಮಲ್ಪೆ. ಎರಡನೆಯ ದಿನ ಸೇಂಟ್ ಮೇರಿಸ್ ದ್ವೀಪ, ಮರವಂತೆ, ಮುರುಡೇಶ್ವರ. ಮೂರನೆಯ ದಿನ ಹೊನ್ನಾವರ, ಮಿರ್ಜಾನ್ ಕೋಟೆ, ಗೋಕರ್ಣ, ಕಾರವಾರ. ಇದನ್ನು ಮೊದಲು ಬರೆದವರು ಯಾರೋ ಗೊತ್ತಿಲ್ಲ. ಒಂದೆರಡು ಊರು ಅತ್ತಿತ್ತ ಆದರೂ ಮೈಕಟ್ಟು ಅದೇ. ಇಷ್ಟು ಜನ ಚಾಚೂ ತಪ್ಪದೆ ಪಾಲಿಸುವ ಬರಹ ಹೇಗಿದೆ ಎಂದು ಯಾರಾದರೂ ಕೇಳಲೇಬೇಕಲ್ಲ.

ಮೊದಲು ಅದರ ಗುಣ ಹೇಳಿಬಿಡುತ್ತೇನೆ. ದಕ್ಷಿಣದಿಂದ ಉತ್ತರಕ್ಕೆ ಹೋಗುವ ಕ್ರಮ ಸರಿಯಾಗಿದೆ. ಕಡಲು ಎಡಕ್ಕಿರುತ್ತದೆ, ನಮ್ಮ ಗಾಡಿ ಓಡುವುದೂ ಎಡಕ್ಕೆ. ರಾಷ್ಟ್ರೀಯ ಹೆದ್ದಾರಿ 66 ಬಹುಪಾಲು ಚತುಷ್ಪಥವಾದ ಮೇಲೆ ಇದರ ಬೆಲೆ ಇನ್ನಷ್ಟು ಹೆಚ್ಚಿದೆ. ಕಾರವಾರದಿಂದ ಕೆಳಗೆ ಬರುವವರು ಕಡಲ ಬದಿಗೆ ಹೋಗಬೇಕಾದರೆ ಡಿವೈಡರ್ ಎಲ್ಲಿ ಬಿಟ್ಟಿದೆಯೆಂದು ಹುಡುಕಿ, ಎದುರಿನಿಂದ ಬರುವ ಲಾರಿಗಳಿಗೆ ಅಡ್ಡ ತಿರುಗಬೇಕು.

ಇಲ್ಲಿಗೆ ಹೊಗಳಿಕೆ ಮುಗಿಯಿತು.

ಮಂಗಳೂರಿನಿಂದ ಕಾರವಾರಕ್ಕೆ ಹೆಚ್ಚುಕಡಿಮೆ 270 ಕಿ.ಮೀ. ಮೂರು ದಿನಕ್ಕೆ ಹಂಚಿದರೆ ದಿನಕ್ಕೆ 90. ಇಷ್ಟೇನಾ ಅನ್ನಿಸಿ ನಡುವೆ ಊರು ತುರುಕುತ್ತಾ ಹೋಗುತ್ತೇವೆ. ಪಟ್ಟಿ ಕೆಡುವುದು ಇಲ್ಲೇ. ಅದಕ್ಕೆ ದೂರ ಗೊತ್ತು, ಹೊತ್ತು ಗೊತ್ತಿಲ್ಲ. ಕಾಪುವಿನಲ್ಲೂ ಸೂರ್ಯಾಸ್ತ ನೋಡಿ ಎನ್ನುತ್ತದೆ, ಅದೇ ದಿನ ಮಲ್ಪೆಯಲ್ಲೂ ನೋಡಿ ಎನ್ನುತ್ತದೆ. ದಿನಕ್ಕೆ ಸೂರ್ಯ ಮುಳುಗುವುದು ಒಂದೇ ಸಲ. 1901ರಲ್ಲಿ ಕಟ್ಟಿದ ಕಾಪುವಿನ ದೀಪಸ್ತಂಭದ ಬುಡದ ಬಂಡೆಯ ಮೇಲೆ ಸಂಜೆ ಕೂತವರಿಗೆ ಎದ್ದು ಮಲ್ಪೆಗೆ ಓಡುವ ಮನಸ್ಸಾಗುವುದಿಲ್ಲ. ಆಗಲೂಬಾರದು.

ಸೇಂಟ್ ಮೇರಿಸ್‌ಗೆ ಪಟ್ಟಿ ಕೊಡುವುದು ಒಂದು ಗಂಟೆ. ಮಲ್ಪೆಯಲ್ಲಿ ಟಿಕೆಟ್ ಸಾಲು, ದೋಣಿ ತುಂಬುವವರೆಗೆ ಕಾಯುವುದು, ಹೋಗಿಬರುವ ದಾರಿ, ಎಲ್ಲ ಸೇರಿದರೆ ಅರ್ಧ ದಿನ. ಅಲ್ಲಿನ ಕಂಬಗಲ್ಲುಗಳು ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಟ್ಟ ಕಾಲದ ಲಾವಾ ತಣ್ಣಗಾಗಿ ಸೀಳಿದ್ದು. ಅವುಗಳ ಮುಂದೆ ಗಡಿಯಾರ ನೋಡುತ್ತಾ ನಿಲ್ಲುವುದಾದರೆ ದೋಣಿ ಹತ್ತದಿರುವುದೇ ಲೇಸು.

ಮರವಂತೆಯ ಕಥೆ ಇನ್ನೂ ವಿಚಿತ್ರ. ಎಡಕ್ಕೆ ಅರಬ್ಬಿ ಸಮುದ್ರ, ಬಲಕ್ಕೆ ಸೌಪರ್ಣಿಕಾ, ನಡುವೆ ಹೆದ್ದಾರಿ. ಈ ಪಟ್ಟಿಯ ಮುಖಪುಟದ ಚಿತ್ರ ಇದೇ. ಆದರೆ ಚಿತ್ರ ಮೇಲಿಂದ ತೆಗೆದದ್ದು. ಕೆಳಗೆ ನಿಂತವರಿಗೆ ಕಾಣುವುದು ಕೊರೆತ ತಡೆಯಲು ಸುರಿದ ಕಲ್ಲುಬಂಡೆಗಳು, ಅಂಚಿನಲ್ಲಿ ಅಡ್ಡಾದಿಡ್ಡಿ ನಿಂತ ಕಾರುಗಳು, ಕಿವಿಯ ಪಕ್ಕದಲ್ಲೇ ಹಾದುಹೋಗುವ ಟ್ಯಾಂಕರು. ಐದು ನಿಮಿಷ, ಒಂದು ಸೆಲ್ಫಿ, ಮುಂದಕ್ಕೆ. ಗಾಡಿಯನ್ನು ಹೆದ್ದಾರಿಯಿಂದ ಇಳಿಸಿ ಒಳಗೆಲ್ಲಾದರೂ ನಿಲ್ಲಿಸಿ, ನದಿಯ ಕಡೆ ನಡೆದುಹೋದರೆ ನೀರ ನಡುವಿನ ಕುದ್ರುಗಳು, ತೆಂಗು, ನೀರಿನಲ್ಲಿ ಅಲುಗಾಡದೆ ನಿಂತ ದೋಣಿ ಕಾಣುತ್ತವೆ. ಜನ ಕಡಲ ಕಡೆಗೇ ಮುಖ ಮಾಡಿರುತ್ತಾರೆ. ಮರವಂತೆಯ ಚೆಂದ ಬೆನ್ನ ಹಿಂದಿದೆ.

ಪಟ್ಟಿ ಮಾಡಿದವರಿಗೆ ಕರಾವಳಿ ಎಂದರೆ ಬೀಚುಗಳ ಸಾಲು. ಅಲ್ಲಿ ಬದುಕುವವರಿಗೆ ಅದು ಹೊಳೆಗಳ ಸಾಲು. ನೇತ್ರಾವತಿಯಿಂದ ಹೊರಟು ಶಾಂಭವಿ, ಸ್ವರ್ಣಾ, ಸೀತಾ, ಕುಂದಾಪುರದ ಪಂಚಗಂಗಾವಳಿ, ಆಮೇಲೆ ಶರಾವತಿ, ಅಘನಾಶಿನಿ, ಗಂಗಾವಳಿ, ಕೊನೆಗೆ ಕಾಳಿ. ಹೊಳೆ ದಾಟುತ್ತಾ ಹೋದಂತೆ ಮಾತು ಬದಲಾಗುತ್ತದೆ. ಬ್ರಹ್ಮಾವರದ ಆಚೆ ತುಳು ತೆಳುವಾಗಿ ಕುಂದಗನ್ನಡ ಶುರು. ಭಟ್ಕಳದ ಪೇಟೆಯಲ್ಲಿ ನವಾಯತಿ. ಹೊನ್ನಾವರ, ಕುಮಟಾಗಳಲ್ಲಿ ಹವ್ಯಕ ಕನ್ನಡ, ಕೊಂಕಣಿ. ಮೀನಿನ ಸಾರಿನ ಮಸಾಲೆಯೂ ಹಾಗೇ ತಿರುಗುತ್ತದೆ. ಪಟ್ಟಿಯಲ್ಲಿ ಈ ಹೊಳೆಗಳು ಬರಿಯ ಸೇತುವೆಗಳು, ಎಂಬತ್ತರ ವೇಗದಲ್ಲಿ ದಾಟಿಬಿಡುವಂಥವು.

ಇದರಿಂದ ಹೆಚ್ಚು ನಷ್ಟವಾಗುವುದು ಅಘನಾಶಿನಿಯಲ್ಲಿ. ಅಣೆಕಟ್ಟು ಕಾಣದ ಹೊಳೆ ಅದು. ಅದರ ಅಳಿವೆ 2024ರಲ್ಲಿ ರಾಮ್ಸಾರ್ ಜೌಗುಪ್ರದೇಶಗಳ ಪಟ್ಟಿಗೂ ಸೇರಿತು. ಇಳಿತದ ಹೊತ್ತಿಗೆ ಹೋದರೆ ಸೊಂಟಮಟ್ಟದ ನೀರಿನಲ್ಲಿ ನಿಂತು ಕೆಸರಿನಿಂದ ಬಳಚು ಎಂಬ ಚಿಪ್ಪಿಗಳನ್ನು ಎತ್ತುವವರು ಕಾಣುತ್ತಾರೆ. ಉಬ್ಬರವಿದ್ದರೆ ಬರೀ ನೀರು. ಅಂದರೆ ಇಲ್ಲಿಗೆ ಬರುವವರು ನೋಡಿಕೊಳ್ಳಬೇಕಾದ್ದು ಹೋಟೆಲಿನ ಚೆಕ್-ಇನ್ ಸಮಯವನ್ನಲ್ಲ, ಆ ದಿನದ ಉಬ್ಬರ–ಇಳಿತದ ವೇಳೆಯನ್ನು. ಅಳಿವೆಯಂಚಿನ ಗಜನಿ ಗದ್ದೆಗಳಲ್ಲಿ ಉಪ್ಪುನೀರಿಗೂ ಜಗ್ಗದ ಕಗ್ಗ ಭತ್ತ ಬೆಳೆಯುತ್ತಾರೆ. ಸಾಣಿಕಟ್ಟಾದ ಉಪ್ಪಿನಾಗರ ಗೋಕರ್ಣಕ್ಕೆ ಹೋಗುವ ದಾರಿಯ ಮಗ್ಗುಲಲ್ಲೇ ಇದೆ. ಬೇಸಿಗೆಯಲ್ಲಿ ಚೌಕಚೌಕವಾಗಿ ಕಟ್ಟಿದ ಪಾತಿಗಳಲ್ಲಿ ನೀರು ಆರಿ, ಉಪ್ಪು ಕಟ್ಟಿ, ಉದ್ದ ಹಿಡಿಯ ಹಲಗೆಯಿಂದ ಅದನ್ನು ಬದುವಿಗೆ ಎಳೆದು ಗುಡ್ಡೆ ಹಾಕುತ್ತಿರುತ್ತಾರೆ. ಹಸಿ ಉಪ್ಪು ಮಣ್ಣಿನ ಛಾಯೆ ಹೊತ್ತು ಮಾಸಲಾಗಿರುತ್ತದೆ. ಗೋಕರ್ಣದ ಓಂ ಬೀಚಿಗೆ ಓಡುವ ಕಾರುಗಳು ಇದರ ಪಕ್ಕದಲ್ಲೇ ಗಾಜೇರಿಸಿಕೊಂಡು ಹೋಗುತ್ತವೆ. ಪಟ್ಟಿಯಲ್ಲಿ ಸಾಣಿಕಟ್ಟಾ ಇಲ್ಲವಲ್ಲ!

ಇನ್ನು ಕಾಲದ ಮಾತು. ಇದೇ ಪಟ್ಟಿ ಡಿಸೆಂಬರಿಗೂ ಜುಲೈಗೂ ಒಂದೇ ಎಂಬಂತೆ ಸಿಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ನಿಷೇಧ. ಬಂದರಿನಲ್ಲಿ ಗದ್ದಲವಿಲ್ಲ, ತಾಜಾ ಮೀನು ಅಪರೂಪ. ದ್ವೀಪಕ್ಕೆ ದೋಣಿಯೂ ಇರುವುದಿಲ್ಲ. ಯಕ್ಷಗಾನ ಬಯಲಾಟ ನೋಡುವ ಆಸೆ ಇದ್ದರೆ ಮೇ ಕೊನೆಯ ಹೊತ್ತಿಗೆ ಬರುವ ಪತ್ತನಾಜೆಯ ಒಳಗೇ ಬರಬೇಕು, ಆಮೇಲೆ ತಿರುಗಾಟದ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮಳೆಯ ಕರಾವಳಿಯನ್ನು ಮೀರಿಸುವ ನೋಟವಿಲ್ಲ, ಒಪ್ಪುತ್ತೇನೆ. ಆದರೆ 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಗುಡ್ಡ ಜರಿದು ಜನ, ವಾಹನಗಳನ್ನು ಗಂಗಾವಳಿಗೆ ಒಯ್ದದ್ದು ಇದೇ ಹೆದ್ದಾರಿಯಲ್ಲಿ. ಮರುತಿಂಗಳು ಕಾರವಾರದಲ್ಲಿ ಕಾಳಿಯ ಹಳೆಯ ಸೇತುವೆ ಕುಸಿಯಿತು. ಮಳೆಗಾಲದಲ್ಲಿ ಹೊರಡುವವರು ಒಂದು ದಿನ ಕೈಯಲ್ಲಿ ಹೆಚ್ಚಿಟ್ಟುಕೊಂಡು, ಹವಾಮಾನ ಇಲಾಖೆಯ ರೆಡ್ ಅಲರ್ಟ್ ಬಂದರೆ ಇದ್ದ ಊರಿನಲ್ಲೇ ಉಳಿಯುವಂತೆ ಯೋಜಿಸಬೇಕು. ಗಂಟೆ ಗಂಟೆಗೆ ಊರು ಕಟ್ಟಿಕೊಂಡ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇಲ್ಲ.

ಅವಸರದ ಇನ್ನೊಂದು ಫಲ ನೀರಿಗಿಳಿಯುವಾಗ ಕಾಣುತ್ತದೆ. ಇಪ್ಪತ್ತು ನಿಮಿಷವಷ್ಟೇ ಇದ್ದವರಿಗೆ ಕಾವಲು ಸಿಬ್ಬಂದಿ ಎಲ್ಲಿದ್ದಾರೆ, ಯಾವ ಜಾಗದಲ್ಲಿ ಸೆಳೆತವಿದೆ ಎಂದು ಕೇಳುವ ವ್ಯವಧಾನ ಇರುವುದಿಲ್ಲ. 2024ರ ಡಿಸೆಂಬರಿನಲ್ಲಿ ಮುರುಡೇಶ್ವರದಲ್ಲಿ ಶಾಲಾ ಪ್ರವಾಸಕ್ಕೆ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಅದು ಮಳೆಗಾಲವೂ ಆಗಿರಲಿಲ್ಲ. ಯಾವ ಬೀಚಿನಲ್ಲಿ ನೀರಿಗಿಳಿಯಬಹುದು, ಯಾವುದನ್ನು ದಡದಿಂದಲೇ ನೋಡಬೇಕು ಎನ್ನುವ ಒಂದು ಸಾಲು ಪಟ್ಟಿಯಲ್ಲಿದ್ದರೆ, ಹತ್ತು ಊರು ಕಡಿಮೆಯಾದರೂ ಅದು ಒಳ್ಳೆಯ ಪಟ್ಟಿ.

ಹಾಗಾದರೆ ಹೇಗೆ ಹೋಗುವುದು? ಊರಿಂದೂರಿಗೆ ಪೆಟ್ಟಿಗೆ ಹೊತ್ತು ದಿನಕ್ಕೊಂದು ಕೋಣೆ ಬದಲಾಯಿಸುವುದನ್ನು ಬಿಡಿ. ಕುಂದಾಪುರದಲ್ಲೊಂದು, ಕುಮಟಾ ಕಡೆಯಲ್ಲೊಂದು ನೆಲೆ ಮಾಡಿಕೊಂಡರೆ ಸುತ್ತಲಿನದನ್ನು ಬೆಳಿಗ್ಗೆ, ಸಂಜೆ ತಂಪಿನಲ್ಲಿ ನೋಡಬಹುದು. ಮಧ್ಯಾಹ್ನ ಹೇಗೂ ಅನೇಕ ದೇವಸ್ಥಾನಗಳ ಬಾಗಿಲು ಹಾಕಿರುತ್ತದೆ, ಮರಳು ಕಾಲು ಸುಡುತ್ತದೆ, ಉಂಡು ಮಲಗಿ. ದಿನಕ್ಕೊಂದು ಹೊಳೆ, ಒಂದು ಸೂರ್ಯಾಸ್ತ. ಮೂರೇ ದಿನವಿದ್ದರೆ ಮಂಗಳೂರನ್ನೂ ಕಾರವಾರವನ್ನೂ ಎರಡು ತುದಿಗಳಿಂದ ಹೊಡೆದುಹಾಕಿ. ಕಾರವಾರವನ್ನು ಇನ್ನೊಂದು ಸಲ ನೋಡಿದರಾಯಿತು, ಅಲ್ಲಿಗೆ ಕಾರೇ ಬೇಕೆಂದೂ ಇಲ್ಲ, ಬೆಂಗಳೂರಿನಿಂದ ಪಂಚಗಂಗಾ ಎಕ್ಸ್‌ಪ್ರೆಸ್ ಎಂಬ ರಾತ್ರಿ ರೈಲು ಇದೆ.